ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಸೇರುವ ಮುಂಚೆ: ಪ್ಲಾನ್ ಕೈಯಲ್ಲಿ ಹಿಡಿದು ಲೆಕ್ಕ ಹಾಕುವುದು ಹೇಗೆ?

ಕಂಪನಿಯ ಸಾಮಾನು ಮಾರಿ, ನಮ್ಮ ಕೆಳಗೆ ಇನ್ನಷ್ಟು ಜನರನ್ನು ಸೇರಿಸಿ ಕಮಿಷನ್ ಪಡೆಯುವ ವ್ಯಾಪಾರಕ್ಕೆ ನೆಟ್‌ವರ್ಕ್ ಮಾರ್ಕೆಟಿಂಗ್ ಎನ್ನುತ್ತಾರೆ. ಅದರ ಮೀಟಿಂಗ್‌ಗೆ ನಮ್ಮನ್ನು ಕರೆಯುವವರು ಸಾಮಾನ್ಯವಾಗಿ ಗೊತ್ತಿರುವವರೇ. ಚಿಕ್ಕಪ್ಪನ ಮಗ, ಹಳೇ ರೂಮ್‌ಮೇಟ್, ಮಗಳ ಸ್ಕೂಲ್ ಟೀಚರ್, ಸಂಘದ ಅಕ್ಕ. ಅದಕ್ಕೇ ಬೇರೆ ವ್ಯವಹಾರದಲ್ಲಿ ಕೇಳುವ ಪ್ರಶ್ನೆಗಳು ಇಲ್ಲಿ ಬಾಯಿಗೆ ಬರುವುದಿಲ್ಲ. ಸೈಟ್ ತಗೊಳ್ಳುವಾಗ ಇಸಿ ತೆಗೆಸಿ, ಖಾತೆ ನೋಡಿ, ವಕೀಲರಿಗೂ ತೋರಿಸುವ ಮನುಷ್ಯ ಇಲ್ಲಿ ಎರಡು ಗಂಟೆ ಮೀಟಿಂಗ್ ಕೇಳಿ ಅಲ್ಲೇ ಫೋನ್‌ಪೇ ಮಾಡಿ ಎದ್ದು ಬರುತ್ತಾನೆ.

ಇಂಥ ಕಂಪನಿಗಳೆಲ್ಲಾ ಮೋಸ ಎಂದು ನಾನು ಹೇಳುವುದಿಲ್ಲ. ಡೈರೆಕ್ಟ್ ಸೆಲ್ಲಿಂಗ್, ಅಂದರೆ ಅಂಗಡಿಯಿಲ್ಲದೆ ಮಾರಾಟಗಾರರ ಮೂಲಕ ನೇರವಾಗಿ ಗಿರಾಕಿಗೆ ಮಾರುವುದು, ನಮ್ಮ ದೇಶದಲ್ಲಿ ಕಾನೂನಿಗೆ ಒಳಪಟ್ಟ ವ್ಯಾಪಾರ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಗ್ರಾಹಕ ರಕ್ಷಣಾ ಕಾಯ್ದೆಯ ಅಡಿ ಇದಕ್ಕೆಂದೇ ನಿಯಮ ತಂದಿದೆ. ಅದೇ ನಿಯಮ ಪಿರಮಿಡ್ ಸ್ಕೀಮ್‌ಗಳನ್ನು, ಹಣ ಚಲಾವಣೆ ಸ್ಕೀಮ್‌ಗಳನ್ನು, ಅಂದರೆ ಹೊಸಬರನ್ನು ಸೇರಿಸುವುದರಿಂದಲೇ ದುಡ್ಡು ಬರುವ ಸ್ಕೀಮ್‌ಗಳನ್ನು, ನಿಷೇಧಿಸುತ್ತದೆ. ಕಾಗದದ ಮೇಲೆ ಡೈರೆಕ್ಟ್ ಸೆಲ್ಲಿಂಗೂ ಈ ಸ್ಕೀಮ್‌ಗಳೂ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ನೋಡಲು ಒಂದೇ ಪ್ರಶ್ನೆ ಸಾಕು: ನಿಮಗೆ ಬರುವ ಕಮಿಷನ್ ಯಾರ ಜೇಬಿನಿಂದ ಬರುತ್ತದೆ? ಸಾಮಾನು ಬೇಕು ಅಂತ ತಗೊಂಡ ಗಿರಾಕಿಯ ಜೇಬಿನಿಂದಲೋ, ನಿಮ್ಮ ಹಾಗೆ ದುಡ್ಡು ಮಾಡಬೇಕು ಅಂತ ಸೇರಿದವರ ಜೇಬಿನಿಂದಲೋ? ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಹೆಜ್ಜೆ 1: ಮೀಟಿಂಗ್‌ಗೆ ಹೋಗಿ, ದುಡ್ಡು ಮಾತ್ರ ಅವತ್ತು ಕಟ್ಟಬೇಡಿ

ಹೋಗುವುದರಲ್ಲಿ ತಪ್ಪಿಲ್ಲ. ಒಂದು ನೋಟ್‌ಬುಕ್ ತಗೊಂಡು ಹೋಗಿ. ಮೀಟಿಂಗ್‌ನಲ್ಲಿ ಎಷ್ಟು ಹೊತ್ತು ಸಾಮಾನಿನ ಬಗ್ಗೆ ಮಾತಾಡಿದರು, ಎಷ್ಟು ಹೊತ್ತು ಕಾರು, ಫಾರಿನ್ ಟ್ರಿಪ್, ಪ್ಯಾಸಿವ್ ಇನ್‌ಕಮ್ ಬಗ್ಗೆ ಮಾತಾಡಿದರು, ಗಡಿಯಾರ ನೋಡಿ ಬರೆದುಕೊಳ್ಳಿ. ಮಾರಾಟದಿಂದ ಬದುಕುವ ಕಂಪನಿಯವರು ತಮ್ಮ ಸಾಮಾನಿನ ಬಗ್ಗೆ ಬೇಡ ಬೇಡ ಅಂದರೂ ಹೇಳುತ್ತಾರೆ.

"ಇವತ್ತೇ ಜಾಯಿನ್ ಆದರೆ ಒಳ್ಳೆ ಪೊಸಿಷನ್ ಸಿಗುತ್ತೆ, ನಾಳೆ ನಿಮ್ಮ ಕೆಳಗೆ ಬರಬೇಕಾದವರು ಬೇರೆಯವರ ಲೆಗ್‌ಗೆ (ಅವರ ಕೆಳಗಿನ ಸಾಲಿಗೆ) ಹೋಗ್ತಾರೆ" ಎಂದರೆ, ಅದೊಂದು ಮಾತೇ ಕಾಯಲು ಸಾಕಷ್ಟು ಕಾರಣ. ಸಾಮಾನು ಮಾರುವ ವ್ಯಾಪಾರದಲ್ಲಿ ಇವತ್ತು ಸೇರಿದರೂ ಮುಂದಿನ ತಿಂಗಳು ಸೇರಿದರೂ ಗಿರಾಕಿ ಇರುತ್ತಾರೆ. ಮುಂಚೆ ಸೇರಿದವರಿಗೆ ಮಾತ್ರ ಲಾಭ ಎನ್ನುವುದಾದರೆ ಅಲ್ಲಿ ಮಾರುತ್ತಿರುವುದು ಜಾಗವನ್ನೇ ಹೊರತು ಸಾಮಾನನ್ನಲ್ಲ.

ಬರುವಾಗ ಮೂರು ಕಾಗದ ಕೇಳಿ: ಪೂರ್ತಿ ಪೇಔಟ್ ಪ್ಲಾನ್ (ಯಾವುದಕ್ಕೆ ಎಷ್ಟು ಕಮಿಷನ್ ಎಂಬ ವಿವರ), ಸಾಮಾನಿನ ಬೆಲೆಪಟ್ಟಿ, ನೀವು ಸಹಿ ಹಾಕಬೇಕಾದ ಒಪ್ಪಂದ. ನಿಯಮದ ಪ್ರಕಾರ ಕಂಪನಿ ತನ್ನ ಮಾರಾಟಗಾರರ ಜೊತೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. "ಅದೆಲ್ಲ ಆ್ಯಪ್‌ನಲ್ಲಿದೆ, ಐಡಿ ಆದಮೇಲೆ ಕಾಣುತ್ತೆ" ಎಂದರೆ ಅಲ್ಲಿಗೇ ನಿಲ್ಲಿಸಬಹುದು. ಐಡಿ ಎಂದರೆ ಸೇರಿದವರಿಗೆ ಕೊಡುವ ಸದಸ್ಯ ಸಂಖ್ಯೆ.

ಹೆಜ್ಜೆ 2: ಕಂಪನಿಯ ಜಾತಕ ನೋಡಿ

ಇದಕ್ಕೆ ಅರ್ಧ ಗಂಟೆ ಸಾಕು. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿಯ ಹೆಸರು ಹಾಕಿದರೆ ನೋಂದಣಿ ತಾರೀಖು, ವಿಳಾಸ, ನಿರ್ದೇಶಕರ ಹೆಸರು, ಹೂಡಿದ ಬಂಡವಾಳ ಸಿಗುತ್ತದೆ. ಕೊನೆಯ ಸಲ ಬ್ಯಾಲೆನ್ಸ್ ಶೀಟ್ ಸಲ್ಲಿಸಿದ್ದು ಯಾವಾಗ ಎಂದೂ ನೋಡಿ. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಬಿಲ್‌ ಅಥವಾ ಒಪ್ಪಂದದ ಮೇಲಿರುವ 21 ಅಕ್ಷರ-ಅಂಕಿಗಳ ಸಿಐಎನ್ (ಕಂಪನಿಯ ಗುರುತಿನ) ಸಂಖ್ಯೆ ನೋಡಿ. ಅದರ ನಡುವೆ ರಾಜ್ಯದ ಎರಡು ಅಕ್ಷರ, ಅದರ ಪಕ್ಕದಲ್ಲೇ ನೋಂದಣಿಯಾದ ವರ್ಷ ಇರುತ್ತದೆ. ವೇದಿಕೆ ಮೇಲೆ "ನಮ್ಮದು ಇಪ್ಪತ್ತು ವರ್ಷದ ಕಂಪನಿ" ಎಂದವರ ಸಿಐಎನ್‌ನಲ್ಲಿ 2023 ಇದ್ದರೆ ಅದಕ್ಕೆ ಕಾರಣ ಕೇಳಲೇಬೇಕು.

ಇಲ್ಲಿ ತುಂಬಾ ಜನ ಎಡವುತ್ತಾರೆ. ಕಂಪನಿ ನೋಂದಣಿ, ಪ್ಯಾನ್, ಜಿಎಸ್‌ಟಿ ಸಂಖ್ಯೆ, ಇವು ಯಾವುದೂ ಪ್ಲಾನ್ ಸರಿಯಿದೆ ಎಂದು ಸರ್ಕಾರ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಬೀದಿಯ ಬೇಕರಿಗೂ ಜಿಎಸ್‌ಟಿ ಇರುತ್ತದೆ. ಉದ್ಯಮದವರೇ ಕಟ್ಟಿಕೊಂಡ ಸಂಘದ ಸದಸ್ಯತ್ವವೂ ಸರ್ಕಾರಿ ಮಾನ್ಯತೆ ಅಲ್ಲ.

ಕಂಪನಿ ದೊಡ್ಡದು, ಹಳೆಯದು ಎನ್ನುವುದೂ ಉತ್ತರವಲ್ಲ. ಆಮ್‌ವೇ ಇಂಡಿಯಾದಂಥ ಹೆಸರುವಾಸಿ ಕಂಪನಿಯ 757.77 ಕೋಟಿ ರೂಪಾಯಿ ಆಸ್ತಿಯನ್ನು 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಜಪ್ತಿ ಮಾಡಿತು. ಇದು ಪಿರಮಿಡ್ ಮಾದರಿ ಎನ್ನುವುದು ನಿರ್ದೇಶನಾಲಯದ ಆರೋಪ, ತಾವು ಕಾನೂನಿನ ಪ್ರಕಾರವೇ ನಡೆದಿದ್ದೇವೆ ಎನ್ನುವುದು ಕಂಪನಿಯ ವಾದ. ಯಾರದು ಸರಿ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ "ಇಷ್ಟು ದೊಡ್ಡ ಕಂಪನಿ ಸುಮ್ನೆ ಇರುತ್ತಾ?" ಎಂಬ ಮಾತನ್ನು ಲೆಕ್ಕಕ್ಕೆ ತಗೊಳ್ಳಬೇಡಿ ಎನ್ನುವುದಕ್ಕೆ ಇದನ್ನು ಹೇಳಿದೆ.

ಕಂಪನಿಯ ವೆಬ್‌ಸೈಟ್‌ನಲ್ಲಿ ದೂರು ಕೇಳುವ ಅಧಿಕಾರಿಯ ಹೆಸರು ಮತ್ತು ನಂಬರ್ ಇರಬೇಕು. ಆ ನಂಬರ್‌ಗೆ ಫೋನ್ ಮಾಡಿ, "ಸಾಮಾನು ವಾಪಸ್ ಮಾಡಬೇಕಾದರೆ ಏನು ಮಾಡಬೇಕು?" ಎಂದು ಕೇಳಿ. ಸೇರುವ ಮುಂಚೆ ಫೋನ್ ಎತ್ತದವರು ಸೇರಿದ ಮೇಲೆ ಎತ್ತುತ್ತಾರಾ?

ಹೆಜ್ಜೆ 3: ಪ್ಲಾನ್ ಮರೆತು ಸಾಮಾನು ಮಾತ್ರ ನೋಡಿ

ಕಮಿಷನ್ ಒಂದು ಪೈಸೆಯೂ ಇಲ್ಲ ಎಂದುಕೊಳ್ಳಿ. ಈ ಬೆಲೆಗೆ ಈ ಸಾಮಾನನ್ನು ನೀವು ತಗೊಳ್ಳುತ್ತೀರಾ? ನಿಮ್ಮ ಅಮ್ಮ ತಗೊಳ್ಳುತ್ತಾರಾ?

ಬೆಲೆ ಜಾಸ್ತಿ ಎಂದರೆ ಬರುವ ಉತ್ತರ ಗೊತ್ತೇ ಇದೆ: "ಇದು ಕಾನ್ಸಂಟ್ರೇಟ್, ಸ್ವಲ್ಪ ಹಾಕಿದರೆ ಸಾಕು." ಇರಬಹುದು. ಅದನ್ನು ಅಳೆದೇ ನೋಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಆದರೆ ಒಂದು ಬಾಟಲಿ ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ ಎಂದು ಗುರುತು ಹಾಕಿ. ಅಂಗಡಿಯಿಂದ ತರುವ ಬಾಟಲಿಯನ್ನೂ ಹಾಗೇ ಅಳೆಯಿರಿ. ದಿನಕ್ಕೆ ಎಷ್ಟು ರೂಪಾಯಿ ಎಂದು ಭಾಗಿಸಿ. ಪ್ರೋಟೀನ್ ಪುಡಿ ಆದರೆ ಡಬ್ಬದ ಬೆಲೆಯನ್ನು ಅದರಲ್ಲಿರುವ ಒಟ್ಟು ಪ್ರೋಟೀನ್ ಗ್ರಾಂಗಳಿಂದ ಭಾಗಿಸಿ, ಮೆಡಿಕಲ್ ಶಾಪ್‌ನಲ್ಲಿ ಸಿಗುವ ಡಬ್ಬಕ್ಕೂ ಅದೇ ಲೆಕ್ಕ ಮಾಡಿ.

ಆರೋಗ್ಯದ ಸಾಮಾನಾದರೆ ಡಬ್ಬ ತಿರುಗಿಸಿ ಓದಿ. ತಿನ್ನುವ ಪದಾರ್ಥಕ್ಕೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು. ಹೆಲ್ತ್ ಸಪ್ಲಿಮೆಂಟ್ ಡಬ್ಬದ ಮೇಲೆ ಇಂಗ್ಲಿಷಿನಲ್ಲಿ "ನಾಟ್ ಫಾರ್ ಮೆಡಿಸಿನಲ್ ಯೂಸ್" ಎಂದು ಅಚ್ಚಾಗಿರುತ್ತದೆ. ಔಷಧಿಯಾಗಿ ಬಳಸುವಂತಿಲ್ಲ ಎಂದು ಕಂಪನಿಯೇ ಡಬ್ಬದ ಮೇಲೆ ಬರೆದಿರುತ್ತದೆ. ಮೀಟಿಂಗ್‌ನಲ್ಲಿ ಅದೇ ಡಬ್ಬ ಎತ್ತಿ ಹಿಡಿದು "ಶುಗರ್ ಪೂರ್ತಿ ಹೋಯ್ತು, ಮಾತ್ರೆ ಬಿಟ್ಟೆ" ಎಂದು ಸಾಕ್ಷಿ ಹೇಳಿಸುತ್ತಾರೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ ಗುಣವಾಗುತ್ತದೆ ಎಂದು ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ನಾಳೆ ಆ ಮಾತನ್ನು ನಿಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕುವವರು ನೀವೇ ಆಗಿರುತ್ತೀರಿ. ನಿಮ್ಮನ್ನು ನಂಬಿ ಪಕ್ಕದ ಮನೆಯ ಅಜ್ಜಿ ಮಾತ್ರೆ ಬಿಟ್ಟರೆ ಅದರ ಹೊಣೆಯೂ ನಿಮ್ಮದೇ. ನನ್ನ ಮಟ್ಟಿಗೆ ಇದು ದುಡ್ಡು ಹೋಗುವುದಕ್ಕಿಂತ ದೊಡ್ಡ ವಿಷಯ.

ಕೈಗೆ ಸಿಗದ ಸಾಮಾನಿನ ಬಗ್ಗೆ ಇನ್ನೂ ಎಚ್ಚರ ಬೇಕು. 2011ರಲ್ಲಿ ಸ್ಪೀಕ್ ಏಷ್ಯಾ ಎಂಬ ಕಂಪನಿ 11,000 ರೂಪಾಯಿ ಕಟ್ಟಿಸಿಕೊಂಡು, ಆನ್‌ಲೈನ್ ಸರ್ವೆ ತುಂಬಿದರೆ ದುಡ್ಡು ಕೊಡುತ್ತೇವೆ ಎಂದು ದೇಶದ ಉದ್ದಗಲ ಜನರನ್ನು ಸೇರಿಸಿತ್ತು. ಕೊನೆಗೆ ಪೊಲೀಸ್ ಕೇಸಾಯಿತು. ಇಬಿಜ್ ಎಂಬ ನೋಯ್ಡಾ ಕಂಪನಿ 16,821 ರೂಪಾಯಿಗೆ ಆನ್‌ಲೈನ್ ಕೋರ್ಸ್ ಪ್ಯಾಕೇಜ್ ಎಂದು ಮುಖ್ಯವಾಗಿ ಕಾಲೇಜು ಹುಡುಗರನ್ನೇ ಹಿಡಿಯುತ್ತಿತ್ತು. 2019ರಲ್ಲಿ ಸೈಬರಾಬಾದ್ ಪೊಲೀಸರು ಅದರ ಮುಖ್ಯಸ್ಥರನ್ನು ಬಂಧಿಸಿದರು. ಕೋರ್ಸ್, ಸಾಫ್ಟ್‌ವೇರ್, ಇ-ಬುಕ್, ಟೂರ್ ವೋಚರ್ ಇಂಥವಕ್ಕೆ ಅಂಗಡಿ ಬೆಲೆ ಇರುವುದಿಲ್ಲ. ಹೋಲಿಸಿ ನೋಡಲು ಆಗುವುದಿಲ್ಲ. ಬಾಯಿಗೆ ಬಂದ ಬೆಲೆ ಹೇಳಬಹುದು.

ಹೆಜ್ಜೆ 4: ಪೆನ್ನು, ಕಾಗದ, ಕ್ಯಾಲ್ಕುಲೇಟರ್

ಮೀಟಿಂಗ್‌ನಲ್ಲಿ ಬೋರ್ಡ್ ಮೇಲೆ ಯಾರ ಕೆಳಗೆ ಯಾರು ಎಂಬ ಮರ ಬರೆದು ತೋರಿಸುವಾಗ ನಿಮ್ಮ ಹೆಸರನ್ನು ಯಾವಾಗಲೂ ಮೇಲೆ ಬರೆಯುತ್ತಾರೆ. ಮನೆಗೆ ಬಂದು ಅದೇ ಮರ ಬರೆಯಿರಿ. ಆದರೆ ಮೇಲಿನವರನ್ನು ಬಿಟ್ಟು ಕೆಳಗಿನವರನ್ನು ಎಣಿಸಿ.

ಊರೂರಲ್ಲಿ ಓಡುವ ಬೈನರಿ ಪ್ಲಾನ್ ಒಂದನ್ನು ಊಹಿಸಿಕೊಳ್ಳೋಣ. ಜಾಯಿನಿಂಗ್ ಪ್ಯಾಕೇಜ್ 10,000 ರೂಪಾಯಿ. ಲೆಫ್ಟ್‌ನಲ್ಲಿ ಒಬ್ಬರು, ರೈಟ್‌ನಲ್ಲಿ ಒಬ್ಬರು ಬಂದರೆ ಒಂದು ಪೇರ್. ಒಂದು ಪೇರ್‌ಗೆ 1,000 ರೂಪಾಯಿ. ಹಾಕಿದ ಹತ್ತು ಸಾವಿರ ವಾಪಸ್ ಬರಬೇಕಾದರೆ ಹತ್ತು ಪೇರ್ ಆಗಬೇಕು. ಅಂದರೆ ನಿಮ್ಮ ಕೆಳಗೆ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಜನ.

ಈಗ ಮರ ಒಂದಿಷ್ಟೂ ವಾಲದೆ, ಪ್ರತಿಯೊಬ್ಬರೂ ಇಬ್ಬರನ್ನು ತಂದು, ಹತ್ತು ಸಾಲು ಬೆಳೆಯಿತು ಎಂದಿಟ್ಟುಕೊಳ್ಳಿ. ನಿಜದಲ್ಲಿ ಇಷ್ಟು ಚೆಂದವಾಗಿ ಬೆಳೆಯುವುದೇ ಇಲ್ಲ. ಆದರೂ ಇರಲಿ. ಮೊದಲ ಸಾಲಲ್ಲಿ 1, ಆಮೇಲೆ 2, 4, 8, 16, 32, 64, 128, 256, 512. ಒಟ್ಟು 1,023 ಜನ.

ಕೊನೆಯ ಸಾಲಿನ 512 ಜನರ ಕೆಳಗೆ ಯಾರೂ ಇಲ್ಲ. ಅವರಿಗೆ ಬಂದದ್ದು ಸೊನ್ನೆ. ಅವರ ಮೇಲಿನ 256 ಜನರಿಗೆ ಒಂದೊಂದು ಪೇರ್, ತಲಾ 1,000. ಅದರ ಮೇಲಿನ 128 ಜನರಿಗೆ ಎಡಕ್ಕೆ ಮೂರು ಬಲಕ್ಕೆ ಮೂರು, 3,000. ಅದರ ಮೇಲಿನ 64 ಜನರಿಗೆ 7,000. ಇಲ್ಲಿಯವರೆಗೆ ಯಾರಿಗೂ ಹತ್ತು ಸಾವಿರ ವಾಪಸ್ ಬಂದಿಲ್ಲ. ಕೂಡಿಸಿ: 512, 256, 128, 64. ಒಟ್ಟು 960. ಹಾಕಿದ್ದಕ್ಕಿಂತ ಜಾಸ್ತಿ ಪಡೆದವರು ಮೇಲಿನ 63 ಜನ ಮಾತ್ರ.

"ಇನ್ನೂ ಸಾಲು ಬೆಳೆಯುತ್ತಲ್ಲ, ಆಗ ಅವರಿಗೂ ಬರುತ್ತೆ" ಎನ್ನುತ್ತಾರೆ. ಬರುತ್ತದೆ. ಆದರೆ ಅವರ ಕೆಳಗೆ ಹೊಸದಾಗಿ ಅದಕ್ಕಿಂತ ಜಾಸ್ತಿ ಜನ ಬಂದಿರುತ್ತಾರೆ. ಮರ ಹತ್ತಲ್ಲ, ಇಪ್ಪತ್ತು ಸಾಲು ಬೆಳೆದರೂ ಕೆಳಗಿನ ನಾಲ್ಕು ಸಾಲಿನಲ್ಲೇ ಹದಿನಾರಕ್ಕೆ ಹದಿನೈದು ಜನ ಇರುತ್ತಾರೆ. ಯಾವತ್ತು ಹೊಸಬರು ನಿಲ್ಲುತ್ತಾರೋ ಅವತ್ತು ಅವರೆಲ್ಲರ ದುಡ್ಡು ಅಲ್ಲೇ ನಿಲ್ಲುತ್ತದೆ. ನಿಲ್ಲದೇ ಇರಲು ಸಾಧ್ಯವೂ ಇಲ್ಲ. ಒಬ್ಬೊಬ್ಬರು ಆರು ಜನರನ್ನು ಸೇರಿಸುವ ಪ್ಲಾನ್ ಆದರೆ ನಿಮ್ಮ ಕೆಳಗಿನ ಹತ್ತನೇ ಸಾಲು ತುಂಬಲು 6,04,66,176 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಕೂಸುಗಳನ್ನೂ ಸೇರಿಸಿ.

ಹೆಜ್ಜೆ 3ರಲ್ಲಿ ಮಾಡಿದ ಲೆಕ್ಕ ಈಗ ಉಪಯೋಗಕ್ಕೆ ಬರುತ್ತದೆ. ಹತ್ತು ಸಾವಿರದ ಪ್ಯಾಕೇಜ್‌ನಲ್ಲಿ ನಿಜವಾಗಿ ಹತ್ತು ಸಾವಿರ ಬೆಲೆ ಬಾಳುವ, ನಿಮಗೆ ಬೇಕಾದ ಸಾಮಾನೇ ಇದ್ದರೆ ಯಾರಿಗೂ ನಷ್ಟವಿಲ್ಲ. ಅಂಗಡಿಯಲ್ಲಿ ಅದು 3,000ಕ್ಕೆ ಸಿಗುತ್ತದೆ ಎಂದಾದರೆ ಉಳಿದ 7,000ವನ್ನು ಕಮಿಷನ್‌ನಿಂದ ಎತ್ತಬೇಕು. ಆಗಲೂ ಮೇಲಿನ ಮರದಲ್ಲಿ 896 ಜನರಿಗೆ ಅಷ್ಟು ಬಂದಿರುವುದಿಲ್ಲ.

ನಿಮ್ಮ ಕೈಯಲ್ಲಿರುವ ಪ್ಲಾನ್‌ನ ಅಂಕಿಗಳು ಬೇರೆ ಇರುತ್ತವೆ. ಅವನ್ನೇ ಹಾಕಿ ಲೆಕ್ಕ ಮಾಡಿ. ಸಣ್ಣಕ್ಷರದಲ್ಲಿ ಬರೆದಿರುವುದನ್ನೂ ಓದಿ. ದಿನಕ್ಕೆ ಇಷ್ಟೇ ಪೇರ್ ಎಂಬ ಕ್ಯಾಪಿಂಗ್ ಇದೆಯಾ? ಎಡ-ಬಲ ಮ್ಯಾಚ್ ಆಗದೆ ಉಳಿದ ಪಾಯಿಂಟ್ ಮುಂದಿನ ವಾರಕ್ಕೆ ಹೋಗುತ್ತದಾ, ಇಲ್ಲ ಫ್ಲಶ್ ಆಗುತ್ತದಾ (ಅಳಿಸಿ ಹೋಗುತ್ತದಾ)? ಐಡಿ ಆ್ಯಕ್ಟಿವ್ ಇರಬೇಕಾದರೆ ಪ್ರತಿ ತಿಂಗಳು ಎಷ್ಟು ರೀಪರ್ಚೇಸ್ (ಮತ್ತೆ ಖರೀದಿ) ಮಾಡಬೇಕು? ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000. ಜಾಯಿನಿಂಗ್‌ಗಿಂತ ಜಾಸ್ತಿ. ಸೇರುವ ದಿನ ಈ ಮಾತು ಸಾಮಾನ್ಯವಾಗಿ ಬರುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಸೇರುವ ಶುಲ್ಕ ಇರಬಾರದು ಎಂದಿತ್ತು. ಹಾಗಾಗಿ ಈಗ ಶುಲ್ಕ ಎಂದು ಯಾರೂ ಕರೆಯುವುದಿಲ್ಲ, "ಸೇರೋದು ಫ್ರೀ, ಮೊದಲ ಪ್ಯಾಕೇಜ್ ಮಾತ್ರ ತಗೊಳ್ಳಿ" ಎನ್ನುತ್ತಾರೆ. ಪ್ಯಾಕೇಜ್ ತಗೊಳ್ಳದೆ ಐಡಿ ಆ್ಯಕ್ಟಿವ್ ಆಗುತ್ತದಾ ಎಂದು ಕೇಳಿ.

ಹೆಜ್ಜೆ 5: ಐಡಿ ಇಲ್ಲದ ಗಿರಾಕಿಯನ್ನು ಹುಡುಕಿ

ಹೆಜ್ಜೆಗಳಲ್ಲೆಲ್ಲ ಮುಖ್ಯವಾದದ್ದು ಇದೇ. ನಿಮ್ಮನ್ನು ಸೇರಿಸಲು ಬಂದವರನ್ನು ಹೀಗೆ ಕೇಳಿ: "ಅಕ್ಕಾ, ಹೋದ ತಿಂಗಳು ನಿಮ್ಮ ಹತ್ತಿರ ಸಾಮಾನು ತಗೊಂಡವರಲ್ಲಿ ಐಡಿ ಇಲ್ಲದವರು ಎಷ್ಟು ಜನ?"

"ಎಲ್ಲರಿಗೂ ಐಡಿ ಮಾಡಿಸಿಬಿಡ್ತೀನಿ, ಡಿಸ್ಕೌಂಟ್ ಸಿಗುತ್ತಲ್ಲಾ" ಎನ್ನುವುದು ಸಾಮಾನ್ಯ ಉತ್ತರ. ಬಿಡಬೇಡಿ. "ಸರಿ, ಆ ಐಡಿ ಇದ್ದವರಲ್ಲಿ ಯಾರನ್ನೂ ಸೇರಿಸದೆ, ಸೇರಿಸುವ ಆಸೆಯೂ ಇಲ್ಲದೆ, ಸುಮ್ನೆ ಸಾಮಾನು ಚೆನ್ನಾಗಿದೆ ಅಂತ ಒಂದು ವರ್ಷದಿಂದ ತಗೊಳ್ತಿರೋರು ಇದ್ದಾರಾ? ಇಬ್ಬರ ಹತ್ತಿರ ಮಾತಾಡಿಸ್ತೀರಾ?"

ಅಂಥವರು ಹತ್ತಾರು ಜನ ಇದ್ದರೆ, ಅವರಿಂದ ಬರುವ ಲಾಭವೇ ನಿಮ್ಮ ಅಕ್ಕನ ಕಮಿಷನ್‌ನ ಬಹುಪಾಲು ಆಗಿದ್ದರೆ, ಅದು ನಿಜವಾದ ಮಾರಾಟದ ಕೆಲಸ. ಕಷ್ಟದ ಕೆಲಸವೇ, ಆದರೆ ಮರ್ಯಾದೆಯ ಕೆಲಸ. ಅಂಥವರು ಇಲ್ಲವೇ ಇಲ್ಲ ಎಂದರೆ ಲೆಕ್ಕ ಸುಲಭ. ಒಳಗಿರುವವರೇ ತಿಂಗಳಿಗೆ ಒಂದು ಲಕ್ಷದ ಸಾಮಾನು ತಗೊಂಡು, ಕಂಪನಿ ಅದರಲ್ಲಿ 40 ಸಾವಿರ ಕಮಿಷನ್ ಹಂಚಿದರೆ, ಅವರೆಲ್ಲರ ಕೈಗೆ ಬಂದದ್ದು 40 ಸಾವಿರ, ಕೈಯಿಂದ ಹೋದದ್ದು ಒಂದು ಲಕ್ಷ. ಆ 40 ಸಾವಿರದಲ್ಲಿ ಒಬ್ಬರಿಗೆ ಜಾಸ್ತಿ ಸಿಕ್ಕಿದೆ ಎಂದರೆ ಇನ್ನೊಬ್ಬರಿಗೆ ಅಷ್ಟು ಕಮ್ಮಿ ಆಗಿದೆ.

ಬಿಟ್ಟವರನ್ನೂ ಹುಡುಕಿ ಮಾತಾಡಿಸಿ. ವೇದಿಕೆ ಮೇಲೆ ಸಿಗುವವರು ಬಿಡದೆ ಉಳಿದವರು ಮಾತ್ರ. ಎರಡು ವರ್ಷದ ಹಿಂದಿನ ಸೆಮಿನಾರ್ ಫೋಟೋದಲ್ಲಿ ಇದ್ದವರಲ್ಲಿ ಈಗಲೂ ಮಾಡುತ್ತಿರುವವರು ಯಾರು ಎಂದು ಕೇಳಿದರೆ ದಾರಿ ಸಿಗುತ್ತದೆ. ಬಿಟ್ಟವರನ್ನು "ನೆಗೆಟಿವ್ ಜನ, ಅವರ ಮಾತು ಕೇಳಬೇಡಿ" ಎಂದು ಅಪ್‌ಲೈನ್ (ನಿಮ್ಮನ್ನು ಸೇರಿಸುವ ಮೇಲಿನವರು) ಮೊದಲೇ ಹೇಳಿಟ್ಟಿದ್ದರೆ ಖಂಡಿತ ಕೇಳಿ.

ಹೆಜ್ಜೆ 6: ಆದಾಯಕ್ಕೆ ದಾಖಲೆ ಕೇಳಿ

ಆ್ಯಪ್‌ನ ಸ್ಕ್ರೀನ್‌ಶಾಟ್, ಚೆಕ್‌ನ ಫೋಟೋ, ಕಾರಿನ ಮುಂದೆ ನಿಂತ ವಿಡಿಯೋ, ಇವು ದಾಖಲೆಯಲ್ಲ. ಕಾರಿಗೆ ಇಎಂಐ ಇರಬಹುದು. ಕಮಿಷನ್‌ನಲ್ಲಿ ಲಕ್ಷಗಟ್ಟಲೆ ಬರುವವರಿಗೆ ಕಂಪನಿ ಟಿಡಿಎಸ್ (ಮೊದಲೇ ಕಡಿಯುವ ತೆರಿಗೆ) ಹಿಡಿದೇ ಕೊಡಬೇಕು. ಅದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ ಎಂಬ ತೆರಿಗೆ ಪಟ್ಟಿಯಲ್ಲಿ ಕಾಣುತ್ತದೆ. "ಅಣ್ಣಾ, ತಪ್ಪು ತಿಳ್ಕೋಬೇಡಿ, ಪ್ಯಾನ್ ನಂಬರ್ ಮುಚ್ಚಿ ಆ ಪುಟ ತೋರಿಸಿ" ಎಂದು ಕೇಳಿ. ತೋರಿಸಿದರೂ ಅದು ಖರ್ಚು ಕಳೆಯದ ದುಡ್ಡು ಎನ್ನುವುದು ನೆನಪಿರಲಿ. ರೀಪರ್ಚೇಸ್, ಪೆಟ್ರೋಲ್, ಹಾಲ್ ಬಾಡಿಗೆಯ ಪಾಲು, ಸೆಮಿನಾರ್ ಟಿಕೆಟ್, ಬಂದವರಿಗೆ ಕಾಫಿ ತಿಂಡಿ ಎಲ್ಲ ಅದರಲ್ಲೇ ಹೋಗಬೇಕು.

ಹೆಜ್ಜೆ 7: ನಿಮ್ಮ ಕೆಲಸ, ನಿಮ್ಮ ಮೇಲಿನ ಕಾನೂನು

ಸರ್ಕಾರಿ ನೌಕರರು ಅನುಮತಿ ಇಲ್ಲದೆ ಖಾಸಗಿ ವ್ಯಾಪಾರ ಮಾಡುವಂತಿಲ್ಲ. ನಡತೆ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. "ಹೆಂಡತಿ ಹೆಸರಲ್ಲಿ ಐಡಿ ಮಾಡಿಸಿ ಮೇಷ್ಟ್ರೇ" ಎಂಬ ಸಲಹೆ ಕೊಡುವವರು ನಾಳೆ ಇಲಾಖಾ ವಿಚಾರಣೆಗೆ ಬಂದು ನಿಲ್ಲುವುದಿಲ್ಲ. ಅಮೆರಿಕದಲ್ಲಿ ಎಚ್-1ಬಿ ವೀಸಾ ಮೇಲಿರುವ ನಮ್ಮ ಹುಡುಗರಿಗೂ ಇದೇ ಮಾತು. ಆ ವೀಸಾದಲ್ಲಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯಬಹುದು. ಇಂಡಿಯನ್ ಸ್ಟೋರ್‌ನಲ್ಲಿ ಪರಿಚಯವಾಗಿ ಸೈಡ್ ಇನ್‌ಕಮ್ ಬಗ್ಗೆ ಹೇಳುವವರ ಮಾತು ನಂಬುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಣ ಚಲಾವಣೆ ಸ್ಕೀಮ್‌ಗಳನ್ನು ನಿಷೇಧಿಸುವ 1978ರ ಕೇಂದ್ರ ಕಾಯ್ದೆ ಸ್ಕೀಮ್ ಶುರು ಮಾಡಿದವರನ್ನಷ್ಟೇ ಹಿಡಿಯುವುದಿಲ್ಲ. ಅದನ್ನು ಪ್ರಚಾರ ಮಾಡಿದವರಿಗೂ, ಅದಕ್ಕೆ ಜನರನ್ನು ಸೇರಿಸಿದವರಿಗೂ ಜೈಲು ಶಿಕ್ಷೆ ಇದೆ. ಕಂಪನಿ ಬಾಗಿಲು ಹಾಕಿದ ದಿನ ಜನ ಹುಡುಕಿಕೊಂಡು ಬರುವುದು ನೋಯ್ಡಾ ಆಫೀಸಿಗಲ್ಲ, ನಿಮ್ಮ ಮನೆಗೆ.

ಹೆಜ್ಜೆ 8: ಹೊರಗೆ ಬರುವ ದಾರಿಯನ್ನು ಮೊದಲೇ ನೋಡಿ

ಇಷ್ಟೆಲ್ಲ ನೋಡಿದ ಮೇಲೂ ಸರಿ ಅನಿಸಿದರೆ, ಒಪ್ಪಂದದಲ್ಲಿ ಎರಡು ವಿಷಯ ಹುಡುಕಿ. ಒಂದು, ಮನಸ್ಸು ಬದಲಾಯಿಸಿದರೆ ಒಪ್ಪಂದ ರದ್ದು ಮಾಡಿಕೊಳ್ಳಲು ಎಷ್ಟು ದಿನದ ಕೂಲಿಂಗ್-ಆಫ್ ಅವಧಿ ಇದೆ. ಎರಡು, ಮಾರದೆ ಉಳಿದ ಸಾಮಾನನ್ನು ಕಂಪನಿ ಯಾವ ಷರತ್ತಿನ ಮೇಲೆ, ಎಷ್ಟು ಕಡಿತ ಮಾಡಿ ವಾಪಸ್ ತಗೊಳ್ಳುತ್ತದೆ. ಇವು ಬರವಣಿಗೆಯಲ್ಲಿ ಇಲ್ಲದಿದ್ದರೆ ಸೇರಬೇಡಿ.

ದುಡ್ಡನ್ನು ಕಂಪನಿಯ ಖಾತೆಗೇ ಕಟ್ಟಿ, ಅಪ್‌ಲೈನ್‌ನ ಸ್ವಂತ ನಂಬರ್‌ಗೆ ಬೇಡ. ಜಿಎಸ್‌ಟಿ ಬಿಲ್ ತಗೊಳ್ಳಿ. ಸಾಲ ಮಾಡಿ, ಒಡವೆ ಅಡವಿಟ್ಟು, ಸಂಘದಲ್ಲಿ ಎತ್ತಿ ಯಾವ ಕಾರಣಕ್ಕೂ ಸೇರಬೇಡಿ. ಮೊದಲ ಆರು ತಿಂಗಳು ಯಾರನ್ನೂ ಸೇರಿಸದೆ ಸಾಮಾನು ಮಾತ್ರ ಮಾರಿ ನೋಡಿ, ಬಂದದ್ದು ಹೋದದ್ದು ದಿನಾ ಬರೆದಿಡಿ. ಮಾರಾಟ ಆಗದಿದ್ದರೆ, ನೀವು ಸೇರಿಸುವವರ ಕೈಯಲ್ಲೂ ಆಗುವುದಿಲ್ಲ.

ಈಗಾಗಲೇ ಸೇರಿ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಹೊಸಬರನ್ನು ಸೇರಿಸುವುದು ನಿಲ್ಲಿಸಿ. ನಿಮ್ಮ ನಷ್ಟ ಭರ್ತಿ ಮಾಡಿಕೊಳ್ಳಲು ತಂಗಿಯನ್ನೋ ಮಾವನನ್ನೋ ಎಳೆಯಬೇಡಿ. ಬಿಲ್, ಪೇಮೆಂಟ್ ಮೆಸೇಜ್, ವಾಟ್ಸಾಪ್ ಮಾತುಕತೆ, ಆ್ಯಪ್‌ನ ಪುಟಗಳು ಎಲ್ಲವನ್ನೂ ಉಳಿಸಿಕೊಳ್ಳಿ. ಆ್ಯಪ್ ಯಾವಾಗ ಬೇಕಾದರೂ ಮುಚ್ಚಬಹುದು. ಸಾಮಾನು ವಾಪಸ್ ಮಾಡುತ್ತೇನೆ ಎಂದು ಕಂಪನಿಗೆ ಇಮೇಲ್‌ನಲ್ಲೇ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿಸಿಕೊಂಡು ನಂಬರ್ ಸ್ವಿಚ್ ಆಫ್ ಮಾಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಅವಕಾಶ ಅಷ್ಟು ಜಾಸ್ತಿ. ನಿಮ್ಮ ಕೆಳಗೆ ಯಾರನ್ನಾದರೂ ಸೇರಿಸಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ದೂರು ಕೊಡಿಸಿ.